ಹೆಸರು ಅದೇ, ಬಾಟಲಿಯೊಳಗಿನದು ಬೇರೆ

(ಸಾಸ್‌ಗಳ ಇತಿಹಾಸದ ಬಗ್ಗೆ ಕೊಟ್ಟ ಉಪನ್ಯಾಸವನ್ನು ಇಲ್ಲಿ ಬರೆದಿಟ್ಟಿದ್ದೇನೆ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ. ನಾನು ಕೆಮ್ಮಿದ್ದನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಆರು ಬಾಟಲಿ ಇಟ್ಟಿದ್ದೇನೆ. ಹಿಂದೆ ಕೂತವರಿಗೆ ಲೇಬಲ್ ಕಾಣುವುದಿಲ್ಲ, ಗೊತ್ತು. ಕಾಣದಿದ್ದರೂ ನಷ್ಟವಿಲ್ಲ. ಲೇಬಲ್ಲನ್ನು ಅಷ್ಟಾಗಿ ನಂಬಬೇಡಿ ಎಂದು ಹೇಳುವುದಕ್ಕೇ ನಾನು ಬಂದಿರುವುದು.

ಮೊದಲು ಸಾಸ್ ಅನ್ನುವ ಪದವನ್ನೇ ಹಿಡಿಯೋಣ. ಲ್ಯಾಟಿನ್‌ನಲ್ಲಿ ‘ಸಾಲ್’ ಅಂದರೆ ಉಪ್ಪು, ‘ಸಾಲ್ಸಾ’ ಅಂದರೆ ಉಪ್ಪು ಹಾಕಿದ್ದು. ಅದೇ ಫ್ರೆಂಚರ ಬಾಯಲ್ಲಿ ಸಾಸ್ ಆಯಿತು, ಸ್ಪೇನ್ ಮತ್ತು ಇಟಲಿಯಲ್ಲಿ ಸಾಲ್ಸಾ ಆಗಿಯೇ ಉಳಿಯಿತು. ಸಲಾಡ್, ಸಾಸೇಜ್ ಎರಡೂ ಇದೇ ಉಪ್ಪಿನ ಮಕ್ಕಳು. ಸಭೆ ಶುರುವಾಗುವ ಮುಂಚೆ ಒಬ್ಬರು ಬಂದು, ‘ಹಾಗಾದ್ರೆ ನಮ್ಮ ಸಾಸಿವೆಯೂ ಸಾಸ್‌ನಿಂದ ಬಂದಿದ್ದಾ?’ ಎಂದು ಕೇಳಿದರು. ಇಲ್ಲ ಸ್ವಾಮಿ, ಅದು ಸಂಸ್ಕೃತದ ಸರ್ಷಪದಿಂದ ಬಂದದ್ದು. ಕಿವಿಗೆ ಒಂದೇ ಥರ ಕೇಳಿಸುತ್ತದೆ, ಅಷ್ಟೇ. ಆದರೆ ಅವರು ಕೇಳಿದ್ದು ಒಳ್ಳೆಯದಾಯಿತು. ಊಟದ ಚರಿತ್ರೆಯಲ್ಲಿ ಅರ್ಧಕ್ಕರ್ಧ ತಪ್ಪು ಹುಟ್ಟುವುದೇ ಹೀಗೆ, ಎರಡು ಹೆಸರು ಒಂದೇ ಥರ ಕೇಳಿಸಿದಾಗ.

ಉಪ್ಪು ಯಾಕೆ ಮುಖ್ಯ ಅನ್ನುವುದಕ್ಕೆ ಈ ಮೊದಲನೇ ಬಾಟಲಿ ನೋಡಿ. ಮುಚ್ಚಳ ತೆಗೆದು ಕಳಿಸುತ್ತೇನೆ, ಬೇಕಾದವರು ಮೂಸಿ. ಮುಖ ಸಿಂಡರಿಸಬೇಡಿ! ಇದು ಮೀನಿನ ಸಾಸ್. ವಿಯೆಟ್ನಾಂನವರು ನುಕ್ ಮಾಮ್ ಅನ್ನುತ್ತಾರೆ, ಥಾಯ್ಲೆಂಡಿನವರು ನಾಮ್ ಪ್ಲಾ. ಫು ಕ್ವಾಕ್ ಅನ್ನುವ ವಿಯೆಟ್ನಾಮಿನ ದ್ವೀಪ ಇದಕ್ಕೆ ಹೆಸರುವಾಸಿ. ಅಲ್ಲಿ ಆಂಚೊವಿ ಎಂಬ ಬೆರಳುದ್ದದ ಮೀನು ಹಿಡಿದು, ಮೂರು ಪಾಲು ಮೀನಿಗೆ ಒಂದು ಪಾಲಿನಷ್ಟು ಉಪ್ಪು ಬೆರೆಸುತ್ತಾರೆ. ಆಳೆತ್ತರಕ್ಕಿಂತ ದೊಡ್ಡ ಮರದ ಪೀಪಾಯಿಗೆ ತುಂಬಿ, ಮೇಲೆ ಭಾರ ಹೇರಿ, ಸುಮಾರು ಒಂದು ವರ್ಷ ಬಿಡುತ್ತಾರೆ. ಆಮೇಲೆ ಬುಡದ ನಲ್ಲಿ ತಿರುಗಿಸಿದರೆ ಜೇನಿನ ಬಣ್ಣದ ತಿಳಿ ನೀರು ಇಳಿಯುತ್ತದೆ.

ಮೀನು ಕೊಳೆತದ್ದಲ್ವಾ ಇದು ಅಂತ ನಿಮಗೆ ಅನ್ನಿಸಬಹುದು. ಅನ್ನಿಸಬೇಕಾದದ್ದೇ. ಆದರೆ ಪೀಪಾಯಿಯೊಳಗೆ ಆಗುವ ಕೆಲಸ ಬೇರೆ. ಅಷ್ಟು ಉಪ್ಪಿನಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಬದುಕಲಾರವು. ಆದರೆ ಮೀನಿನ ಕರುಳಿನಲ್ಲಿ ಜೀರ್ಣಕ್ಕೆ ಅಂತ ಇದ್ದ ಕಿಣ್ವಗಳು ಸುಮ್ನೆ ಕೂರುವುದಿಲ್ಲ. ತಿನ್ನಲು ಬೇರೇನೂ ಇಲ್ಲದೆ ಅವು ಮೀನಿನ ಮಾಂಸವನ್ನೇ ಜೀರ್ಣಿಸುತ್ತವೆ. ಪ್ರೋಟೀನು ತುಂಡಾಗಿ ಅಮೈನೋ ಆಮ್ಲಗಳಾಗುತ್ತದೆ. ಅದರಲ್ಲಿ ಗ್ಲುಟಮೇಟ್ ಜಾಸ್ತಿ. ನಾಲಿಗೆಗೆ ‘ಇನ್ನೊಂದು ತುತ್ತು’ ಅನ್ನಿಸುವ ಆ ರುಚಿ ಅದರಿಂದ ಬರುವುದು. ಸರಳವಾಗಿ ಹೇಳಬೇಕೆಂದರೆ, ಮೀನು ತನ್ನನ್ನು ತಾನೇ ತಿಂದು ಸಾಸ್ ಆಗಿದೆ.

ಇದೇ ವಸ್ತು 2000 ವರ್ಷದ ಹಿಂದೆ ರೋಮನ್ನರ ಅಡುಗೆಮನೆಯಲ್ಲೂ ಇತ್ತು. ಅವರು ಅದನ್ನು ಗಾರಂ ಎಂದರು. ಸ್ಪೇನಿನ ದಕ್ಷಿಣ ತುದಿಯಲ್ಲಿ ಬೈಲೋ ಕ್ಲೌಡಿಯಾ ಎಂಬ ಪಾಳು ಊರಿದೆ. ಅಲ್ಲಿ ಮೀನಿಗೆ ಉಪ್ಪು ಹಾಕುತ್ತಿದ್ದ ಕಲ್ಲಿನ ತೊಟ್ಟಿಗಳು ಇವತ್ತಿಗೂ ಸಮುದ್ರದ ಪಕ್ಕದಲ್ಲೇ ಕಾಣುತ್ತವೆ. ಅಪೀಷಿಯಸ್‌ನ ಹೆಸರಲ್ಲಿ ಉಳಿದಿರುವ ರೋಮನ್ ಅಡುಗೆ ಪುಸ್ತಕದಲ್ಲಿ ಮೀನಿನ ಸಾಸ್ ಇಲ್ಲದ ಪಾಕಗಳನ್ನು ಹುಡುಕಬೇಕು. ಸಿಹಿಗೂ ಹಾಕುತ್ತಿದ್ದರು.

ನನಗೆ ತುಂಬಾ ಇಷ್ಟವಾದದ್ದು ಇಟಲಿಯ ಹಳೆಯ ರೋಮನ್ ಊರು ಪಾಂಪೇಯ ಒಂದು ಮನೆ. ಔಲಸ್ ಅಂಬ್ರಿಷಿಯಸ್ ಸ್ಕೌರಸ್ ಎಂಬ ಗಾರಂ ವ್ಯಾಪಾರಿಯದು. ಅವನ ಮನೆಯ ನಡುಮನೆಯಲ್ಲಿ ಮಳೆನೀರು ಬೀಳುವ ತೊಟ್ಟಿ ಇದೆ. ಅದರ ನಾಲ್ಕು ಮೂಲೆಗೂ ಕಪ್ಪು ಬಿಳುಪು ಕಲ್ಲಿನ ಚೂರು ಕೂಡಿಸಿ ನಾಲ್ಕು ಹೂಜಿಯ ಚಿತ್ರ ಬಿಡಿಸಿದ್ದಾರೆ. ಒಂದು ಹೂಜಿಯ ಮೇಲೆ ಬರೆದಿರುವುದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಸ್ಕೌರಸನ ಬಂಗುಡೆ ಗಾರಂನ ಹೂವು, ಸ್ಕೌರಸನ ಕಾರ್ಖಾನೆಯಿಂದ’. ಹೂವು ಅಂದರೆ ಮೇಲ್ತರದ್ದು. ಮನೆಗೆ ಬಂದ ನೆಂಟರು ತುಳಿದುಕೊಂಡು ಓಡಾಡುವ ನೆಲದ ಮೇಲೆ ಜಾಹೀರಾತು! ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದು ಊರೆಲ್ಲ ಬೂದಿಯಲ್ಲಿ ಹೂತಿದ್ದರಿಂದ ಆ ಜಾಹೀರಾತು ನಮ್ಮ ಕಾಲದವರೆಗೂ ಉಳಿಯಿತು. ನನಗೆ ಗೊತ್ತಿರುವ ಹಾಗೆ ಇದಕ್ಕಿಂತ ಹಳೆಯ ಸಾಸ್ ಲೇಬಲ್ ಇಷ್ಟು ಚೆನ್ನಾಗಿ ಉಳಿದದ್ದಿಲ್ಲ.

ಹಾಗಾದರೆ ರೋಮಿನಿಂದ ವಿಯೆಟ್ನಾಂಗೆ ಹೋಯಿತೋ, ಅಲ್ಲಿಂದ ರೋಮಿಗೆ ಬಂತೋ ಎಂದು ವಾದ ಮಾಡುವವರಿದ್ದಾರೆ. ನನಗೆ ಆ ವಾದದ ಅಗತ್ಯವೇ ಕಾಣುವುದಿಲ್ಲ. ಸಣ್ಣ ಮೀನು ಬಲೆ ತುಂಬ ಬೀಳುವ ಕಡಲು, ಅಗ್ಗದ ಉಪ್ಪು, ಒಳ್ಳೆ ಬಿಸಿಲು. ಈ ಮೂರು ಕೂಡಿದ ಕಡೆ ಯಾರಾದರೂ ಒಬ್ಬರು ಮೀನಿನ ಜಾಡಿಯನ್ನು ಮರೆತೇ ಮರೆಯುತ್ತಾರೆ. ಇಟಲಿಯ ಅಮಾಲ್ಫಿ ಕರಾವಳಿಯ ಚೆತಾರಾ ಎಂಬ ಪುಟ್ಟ ಊರಲ್ಲಿ ಇವತ್ತಿಗೂ ಉಪ್ಪು ಹಾಕಿದ ಆಂಚೊವಿಯ ಪೀಪಾಯಿಯಿಂದ ತೊಟ್ಟು ತೊಟ್ಟಾಗಿ ಸಾಸ್ ಇಳಿಸುತ್ತಾರೆ.

ಎರಡನೇ ಬಾಟಲಿ ಸೋಯಾ ಸಾಸ್. ಇದನ್ನು ಬೇಗ ಮುಗಿಸುತ್ತೇನೆ. ಚೀನಾದಲ್ಲಿ ಮೊದಲು ಮಾಂಸ, ಮೀನುಗಳನ್ನೇ ಉಪ್ಪಿನಲ್ಲಿ ಹುದುಗಿಸುತ್ತಿದ್ದರು. ಆಮೇಲೆ ಆ ಜಾಗಕ್ಕೆ ಕಾಳು ಬಂತು. ಕಾಳಿಗೆ ಮೀನಿನ ಕರುಳಿಲ್ಲವಲ್ಲ, ಕಿಣ್ವಗಳ ಕೆಲಸವನ್ನು ಒಂದು ಬೂಷ್ಟು ಮಾಡುತ್ತದೆ. ಬೇಯಿಸಿದ ಕಾಳಿಗೆ ಆ ಬೂಷ್ಟು ಹಿಡಿಸಿ ಉಪ್ಪುನೀರಿಗೆ ಹಾಕುತ್ತಾರೆ. ಇದರಲ್ಲಿ ತಮಾಷೆಯ ಸಂಗತಿ ಒಂದಿದೆ. ಜಪಾನಿನಲ್ಲಿ ಈ ಸಾಸ್‌ಗೆ ಶೋಯು ಎನ್ನುತ್ತಾರೆ. ನಾಗಸಾಕಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಡಚ್ಚರು ಪೀಪಾಯಿಗಟ್ಟಲೆ ಒಯ್ದರು, ಹೆಸರನ್ನೂ ಒಯ್ದರು. ಶೋಯು ಹೋಗಿ ಸೋಯಾ ಆಯಿತು. ಯೂರೋಪಿನವರಿಗೆ ಮೊದಲು ಪರಿಚಯವಾದದ್ದು ಸಾಸ್, ಕಾಳಲ್ಲ. ಕಾಳು ಕಣ್ಣಿಗೆ ಬಿದ್ದಾಗ ‘ಓ, ಸೋಯಾ ಮಾಡುವ ಕಾಳು’ ಎಂದರು. ಸೋಯಾ ಕಾಳಿನಿಂದ ಸಾಸ್‌ಗೆ ಹೆಸರು ಬಂತು ಅಂತ ನಾವು ಅಂದುಕೊಂಡಿದ್ದೇವೆ. ನಿಜದಲ್ಲಿ ಮಗನಿಂದ ಅಪ್ಪನಿಗೆ ಹೆಸರು ಬಂದಿದೆ.

ಈಗ ಮೂರನೇ ಬಾಟಲಿ. ಕೆಚಪ್. ಇದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ.

ದಕ್ಷಿಣ ಚೀನಾದ ಕರಾವಳಿಯಲ್ಲಿ ಹೊಕ್ಕಿಯೆನ್ ಎಂಬ ಭಾಷೆ ಆಡುತ್ತಾರೆ. ಅದರಲ್ಲಿ ‘ಕೆ’ ಅಂದರೆ ಉಪ್ಪು ಹಾಕಿಟ್ಟ ಮೀನು, ‘ಚಿಯಪ್’ ಅಂದರೆ ರಸ. ಕೆಚಿಯಪ್, ಮೀನಿನ ರಸ. ಈಗ ನಿಮ್ಮ ಕೈಯಲ್ಲಿ ಓಡಾಡುತ್ತಿರುವ ಆ ವಾಸನೆಯ ಬಾಟಲಿಯೇ ಮೊದಲ ಕೆಚಪ್! ಹೊಕ್ಕಿಯೆನ್ ವ್ಯಾಪಾರಿಗಳು ಆಗ್ನೇಯ ಏಷ್ಯಾದ ಬಂದರುಗಳಲ್ಲೆಲ್ಲ ನೆಲೆಸಿದ್ದರು. 17ನೇ ಶತಮಾನದಲ್ಲಿ ಮೆಣಸು, ಲವಂಗ ಹುಡುಕಿಕೊಂಡು ಬಂದ ಇಂಗ್ಲಿಷರು ಅಲ್ಲೇ ಇದರ ರುಚಿ ಹಿಡಿದರು. ತಿಂಗಳುಗಟ್ಟಲೆ ಹಡಗಿನಲ್ಲಿ ಒಣ ಬಿಸ್ಕತ್ತು, ಉಪ್ಪು ಮಾಂಸ ತಿಂದವರಿಗೆ ಕೆಡದೆ ಉಳಿಯುವ, ನಾಲ್ಕು ಹನಿಯಲ್ಲಿ ರುಚಿ ತರುವ ಇಂಥ ವಸ್ತು ಎಷ್ಟು ಹಿತವಾಗಿರಬೇಡ!

ಊರಿಗೆ ಹೋದ ಮೇಲೂ ಆ ರುಚಿ ಬೇಕೆನ್ನಿಸಿತು. ಆದರೆ ದೂರದಿಂದ ತರಿಸಿದ್ದು ದುಬಾರಿ. ಸರಿ, ಮನೆಯಲ್ಲೇ ಮಾಡಿದರು. 1727ರಲ್ಲಿ ಅಚ್ಚಾದ ಎಲೈಜಾ ಸ್ಮಿತ್‌ರ ಅಡುಗೆ ಪುಸ್ತಕದಲ್ಲಿ ‘ಇಂಗ್ಲಿಷ್ ಕ್ಯಾಚಪ್’ ಇದೆ. ಅದಕ್ಕೆ ಬೇಕಾದದ್ದು ಆಂಚೊವಿ, ಸಣ್ಣ ಈರುಳ್ಳಿ, ವಿನೆಗರ್, ಬಿಳಿ ವೈನ್, ಲವಂಗ, ಶುಂಠಿ, ಜಾಪತ್ರೆ, ಜಾಯಿಕಾಯಿ, ಮೆಣಸು. ಟೊಮೆಟೊ ಎಲ್ಲೂ ಇಲ್ಲ. ಮೀನು ಇನ್ನೂ ಇದೆ. ಆಮೇಲಾಮೇಲೆ ಮೀನೂ ಐಚ್ಛಿಕವಾಯಿತು. ಅಣಬೆ ಕೆಚಪ್, ಎಳೆ ವಾಲ್‌ನಟ್ ಕೆಚಪ್, ಸಿಂಪಿ ಕೆಚಪ್. ಕಪ್ಪಗೆ, ತೆಳ್ಳಗೆ, ಉಪ್ಪುಪ್ಪಾಗಿ ಇದ್ದರೆ ಸಾಕು, ಅದು ಕೆಚಪ್.

ಟೊಮೆಟೊ ಬಂದದ್ದು ಅಮೆರಿಕದಲ್ಲಿ. 1812ರಲ್ಲಿ ಫಿಲಡೆಲ್ಫಿಯಾದ ಜೇಮ್ಸ್ ಮೀಸ್ ಎಂಬ ವೈದ್ಯರು ಟೊಮೆಟೊ ಕೆಚಪ್ಪಿನ ಪಾಕವನ್ನು ಅಚ್ಚು ಹಾಕಿಸಿದರು. ಅವರು ಟೊಮೆಟೊವನ್ನು ‘ಪ್ರೇಮದ ಸೇಬು’ ಎಂದು ಕರೆದಿದ್ದರು. ಆಗಲೂ ಅದು ಈಗಿನಷ್ಟು ಸಿಹಿಯಲ್ಲ, ಈಗಿನಷ್ಟು ದಪ್ಪವೂ ಅಲ್ಲ. ಹೈನ್ಜ್ ಕಂಪನಿ 1876ರಲ್ಲಿ ಕೆಚಪ್ ಮಾರಲು ಶುರು ಮಾಡಿತು.

ದಪ್ಪ ಆದದ್ದು ಒಂದು ಜಗಳದಿಂದ. ಆಗಿನ ಕಾಲದ ಅನೇಕ ತಯಾರಕರು ಡಬ್ಬಿಗೆ ತುಂಬಿ ಉಳಿದ ಟೊಮೆಟೊ ಸಿಪ್ಪೆ, ಕಾಯಿ, ಚೂರು ಎಲ್ಲ ಸೇರಿಸಿ ಕುದಿಸುತ್ತಿದ್ದರು. ಕೆಡದಿರಲಿ ಎಂದು ಸೋಡಿಯಂ ಬೆಂಜೋಯೇಟ್ ಹಾಕುತ್ತಿದ್ದರು. ಸರ್ಕಾರದ ಮುಖ್ಯ ರಸಾಯನ ತಜ್ಞ ಹಾರ್ವಿ ವೈಲಿ ಅದರ ವಿರುದ್ಧ ನಿಂತರು. 1906ರಲ್ಲಿ ಅಮೆರಿಕದಲ್ಲಿ ಶುದ್ಧ ಆಹಾರ ಕಾನೂನು ಬಂತು. ಬೆಂಜೋಯೇಟ್ ಇಲ್ಲದೆ ಕೆಚಪ್ ಉಳಿಯುವುದೇ ಇಲ್ಲ ಎಂದು ಬಹಳ ಜನ ವಾದಿಸಿದರು. ಹೈನ್ಜ್ ಕಂಪನಿಯವರು ಚೆನ್ನಾಗಿ ಹಣ್ಣಾದ ಟೊಮೆಟೊ ತೆಗೆದುಕೊಂಡು, ವಿನೆಗರ್ ಹೆಚ್ಚಿಸಿ, ಆ ಹುಳಿಗೆ ಸರಿತೂಗುವಷ್ಟು ಸಕ್ಕರೆಯನ್ನೂ ಹೆಚ್ಚಿಸಿ ಉಳಿಸಿ ತೋರಿಸಿದರು. ಹಣ್ಣಿನಲ್ಲಿ ಪೆಕ್ಟಿನ್ ಇರುವುದರಿಂದ ಸಾಸ್ ಗಟ್ಟಿಯಾಯಿತು. ಬಾಟಲಿ ತಲೆಕೆಳಗು ಮಾಡಿ ಬುಡಕ್ಕೆ ಗುದ್ದುತ್ತೇವಲ್ಲ, ಆ ಗುದ್ದಿನ ಹಿಂದೆ ಈ ಕಾನೂನಿನ ಜಗಳವಿದೆ. ಮೀನಿನ ನೀರು ಸಿಹಿ ಹಣ್ಣಿನ ಮುದ್ದೆಯಾಗುವುದಕ್ಕೆ 200 ವರ್ಷ ಸಾಕಾಯಿತು. ಹೆಸರು ಮಾತ್ರ ಅಲ್ಲಾಡಲಿಲ್ಲ.

ಇಂಡೋನೇಷ್ಯಾದಲ್ಲಿ ಅದೇ ಪದ ಬೇರೆ ದಾರಿ ಹಿಡಿಯಿತು. ಅಲ್ಲಿ ಕೆಚಪ್ ಅಂದರೆ ಸೋಯಾ ಸಾಸ್. ಈ ನಾಲ್ಕನೇ ಬಾಟಲಿ ಕೆಚಪ್ ಮಾನಿಸ್, ತಾಳೆಬೆಲ್ಲ ಹಾಕಿ ಪಾಕದ ಹದಕ್ಕೆ ತಂದದ್ದು. ಓರೆ ಮಾಡಿದರೆ ಹೇಗೆ ನಿಧಾನಕ್ಕೆ ಇಳಿಯುತ್ತದೆ ನೋಡಿ.

ಐದನೇ ಬಾಟಲಿ ವೂಸ್ಟರ್ ಸಾಸ್. ಇಂಗ್ಲೆಂಡಿನ ವೂಸ್ಟರ್ ಊರಿನ ಲೀ ಮತ್ತು ಪೆರಿನ್ಸ್ ಎಂಬ ಇಬ್ಬರು ಔಷಧಿ ವ್ಯಾಪಾರಿಗಳು 1837ರಲ್ಲಿ ಮಾರಾಟಕ್ಕೆ ತಂದರು. ಇದರ ಹುಟ್ಟಿನ ಕಥೆ ಕೇಳಿ. ಬಂಗಾಳದ ಗವರ್ನರ್ ಆಗಿದ್ದ ಲಾರ್ಡ್ ಸ್ಯಾಂಡಿಸ್ ಎಂಬವರು ಊರಿಗೆ ಮರಳಿ, ತಾವು ರುಚಿ ನೋಡಿದ್ದ ಸಾಸ್ ಒಂದನ್ನು ಮಾಡಿಕೊಡಿ ಎಂದು ಇವರಿಬ್ಬರನ್ನು ಕೇಳಿದರಂತೆ. ಮಾಡಿದ್ದು ಬಾಯಿಗೆ ಇಡಲಾಗದಷ್ಟು ಕೆಟ್ಟದಾಗಿತ್ತಂತೆ. ಪೀಪಾಯಿಯನ್ನು ನೆಲಮಾಳಿಗೆಯಲ್ಲಿ ಬಿಸಾಕಿ ಮರೆತರಂತೆ. ಎಷ್ಟೋ ಕಾಲದ ಮೇಲೆ ತೆಗೆದು ನೋಡಿದರೆ ಅಮೃತವಂತೆ! ಕಥೆ ಚೆನ್ನಾಗಿದೆ. ತೊಂದರೆ ಏನೆಂದರೆ, ಲಾರ್ಡ್ ಸ್ಯಾಂಡಿಸ್ ಎಂಬ ಹೆಸರಿನ ಗವರ್ನರ್ ಬಂಗಾಳದಲ್ಲಿ ಇರಲೇ ಇಲ್ಲ. ಆದರೆ ‘ಈ ಜಿಲ್ಲೆಯ ಶ್ರೀಮಂತರೊಬ್ಬರ ಪಾಕ’ ಎಂದು ಲೇಬಲ್ಲಿನ ಮೇಲೆ ಅಚ್ಚಾಗಿಬಿಟ್ಟಿತು. ಬಾಟಲಿಯೊಳಗೆ ಇಣುಕಿದರೆ ಆಂಚೊವಿ, ವಿನೆಗರ್, ಕಾಕಂಬಿ, ಹುಣಸೆಹಣ್ಣು. ಹಳೆಯ ಇಂಗ್ಲಿಷ್ ಮೀನಿನ ಕೆಚಪ್ಪಿಗೆ ಹುಣಸೆ ಹುಳಿ ಬಿದ್ದಿದೆ, ಅಷ್ಟೇ. ಅದನ್ನು ವಿವರಿಸಲು ಲಾರ್ಡ್ ಯಾಕೆ ಬೇಕು?

ಲಾರ್ಡ್ ಬೇಕು, ಯಾಕೆಂದರೆ ದೊಡ್ಡವರ ಹೆಸರು ಹೇಳಿದರೆ ಸರಕು ಬೇಗ ಖರ್ಚಾಗುತ್ತದೆ. ಮಯೊನೀಸ್‌ಗೂ ಇಂಥದೇ ಕಥೆ ಇದೆ. 1756ರಲ್ಲಿ ಫ್ರಾನ್ಸಿನ ರಿಷಲ್ಯೂ ಡ್ಯೂಕ್ ಮಿನೋರ್ಕಾ ದ್ವೀಪದ ಮಾಹೋನ್ ಬಂದರನ್ನು ಇಂಗ್ಲಿಷರಿಂದ ಗೆದ್ದ. ಗೆದ್ದ ಊಟಕ್ಕೆ ಕೆನೆ ಸಿಗಲಿಲ್ಲ, ಬಾಣಸಿಗ ಎಣ್ಣೆಯಲ್ಲೇ ಸಾಸ್ ಮಾಡಿದ, ಮಾಹೋನ್‌ನಿಂದ ‘ಮಾಹೋನೇಸ್’ ಆಯಿತು. ಯುದ್ಧ ನಡೆದದ್ದು ನಿಜ. ಆದರೆ ಮಯೊನೀಸ್ ಎಂಬ ಪದ ಫ್ರೆಂಚ್ ಅಚ್ಚಿನಲ್ಲಿ ಕಾಣಿಸುವುದು ಅದಾದ ಸುಮಾರು 50 ವರ್ಷಕ್ಕೆ. ಗೆದ್ದ ಸಂಭ್ರಮದಲ್ಲಿ ಹುಟ್ಟಿದ ಸಾಸ್‌ನ ಬಗ್ಗೆ 50 ವರ್ಷ ಬಾಯಿ ಮುಚ್ಚಿಕೊಂಡಿರಲು ಫ್ರೆಂಚರಿಂದ ಸಾಧ್ಯವೇ? ಆ ಭಾಗದ ಕರಾವಳಿಯಲ್ಲಿ ಬೆಳ್ಳುಳ್ಳಿಯನ್ನು ಒರಳಿನಲ್ಲಿ ಅರೆಯುತ್ತ ಎಣ್ಣೆ ಬಿಡುವ ಅಲಿಯೋಲಿ ಎಂಬ ಸಾಸ್ ಹಿಂದಿನಿಂದಲೂ ಇದೆ. ನನ್ನ ಅನುಮಾನ ಯಾವಾಗಲೂ ಒರಳಿನ ಕಡೆಗೇ, ಡ್ಯೂಕ್ ಕಡೆಗಲ್ಲ.

ಮಯೊನೀಸ್ ಕೈಯಲ್ಲಿ ಮಾಡಿ ನೋಡಿದ್ದೀರಾ? ಮೊಟ್ಟೆಯ ಹಳದಿಗೆ ಒಂದು ಚಿಟಿಕೆ ಉಪ್ಪು, ಸ್ವಲ್ಪ ಸಾಸಿವೆ ಹಾಕಿ ಕಡೆಯುತ್ತ ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ನಾನು ಮೊದಲ ಸಲ ಅವಸರಪಟ್ಟು ಸುರಿದೆ. ಒಡೆದುಹೋಯಿತು. ಮೇಲೆ ಎಣ್ಣೆ, ಕೆಳಗೆ ಹಳದಿ ಹರಳು ಹರಳು. ಹಳದಿಯಲ್ಲಿರುವ ಲೆಸಿಥಿನ್ ಒಂದು ಕೈಯಲ್ಲಿ ಎಣ್ಣೆಯನ್ನೂ ಇನ್ನೊಂದು ಕೈಯಲ್ಲಿ ನೀರನ್ನೂ ಹಿಡಿದುಕೊಳ್ಳುತ್ತದೆ. ಒಂದೊಂದೇ ಹನಿ ಕೊಟ್ಟರೆ ಹಿಡಿಯುತ್ತದೆ, ಒಮ್ಮೆಲೇ ಸುರಿದರೆ ಕೈ ಚೆಲ್ಲುತ್ತದೆ. ಎಸೆಯಬೇಡಿ, ಉಪಾಯ ಇದೆ. ಬೇರೆ ಬಟ್ಟಲಿನಲ್ಲಿ ಹೊಸ ಹಳದಿ ಹಾಕಿಕೊಂಡು, ಒಡೆದದ್ದನ್ನು ಚಮಚ ಚಮಚವಾಗಿ ಸೇರಿಸುತ್ತ ಕಡೆಯಿರಿ. ಮತ್ತೆ ಕೂಡಿಕೊಳ್ಳುತ್ತದೆ.

ಮೆಕ್ಸಿಕೋದ ಮೋಲೆಗೆ ಡ್ಯೂಕ್ ಸಿಗಲಿಲ್ಲ, ಸನ್ಯಾಸಿನಿಯರು ಸಿಕ್ಕರು. ಪುಯೆಬ್ಲಾದ ಸಾಂಟಾ ರೋಸಾ ಮಠಕ್ಕೆ ದೊಡ್ಡ ಪಾದ್ರಿಗಳು ಬರುತ್ತಾರೆಂದು ಗೊತ್ತಾಗಿ, ಮನೆಯಲ್ಲಿದ್ದ ಮೆಣಸಿನಕಾಯಿ, ಬೀಜ, ಮಸಾಲೆ, ಚಾಕಲೇಟ್ ಎಲ್ಲ ಅರೆದು ಮಾಡಿದರು ಎನ್ನುವುದು ಕಥೆ. ಆದರೆ ಮೋಲೆ ಎಂಬ ಪದವೇ ಆಜ್ಟೆಕ್‌ರ ನಹುವಾಟ್ಲ್ ಭಾಷೆಯ ‘ಮೊಲ್ಲಿ’. ಅರ್ಥ ಸಾಸ್ ಎಂದೇ. ಗ್ವಾಕಮೋಲೆ ಎಂಬ ಬೆಣ್ಣೆಹಣ್ಣಿನ ಚಟ್ನಿಯ ಹೆಸರಿನ ಬಾಲದಲ್ಲಿರುವುದೂ ಅದೇ ಮೊಲ್ಲಿ. ಸ್ಪೇನಿನವರು ಬರುವ ಮೊದಲೇ ಅಲ್ಲಿನ ಹೆಂಗಸರು ಕಲ್ಲಿನ ಮೇಲೆ ಮೆಣಸಿನಕಾಯಿ ಅರೆಯುತ್ತಿದ್ದರು. ಮಠದಲ್ಲಿ ಲವಂಗ, ದಾಲ್ಚಿನ್ನಿ ಸೇರಿರಬಹುದು. ಕಲ್ಲು ಯಾರದು ಎಂದು ಕಥೆ ಹೇಳುವುದಿಲ್ಲ.

ಮೆಣಸಿನಕಾಯಿಯ ಮಾತು ಬಂತು. 1492ಕ್ಕೆ ಮೊದಲು ಅಮೆರಿಕ ಖಂಡಗಳ ಆಚೆ ಯಾರೂ ಅದನ್ನು ಕಂಡಿರಲಿಲ್ಲ. ಟೊಮೆಟೊವೂ ಹಾಗೆಯೇ. ಟ್ಯುನೀಷಿಯಾದ ಹರಿಸ್ಸಾ, ಕೊರಿಯಾದ ಗೊಚುಜಾಂಗ್ ಎಂಬ ಮೆಣಸಿನಕಾಯಿ ಸಾಸ್‌ಗಳು, ಇಟಲಿಯ ಕೆಂಪು ಸಾಸ್, ಎಲ್ಲವೂ ಅದಾದ ಮೇಲಿನವು. ಹರಿಸ್ಸಾ 2022ರಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿ ಸೇರಿತು. ‘ನಮ್ಮದು, ಅನಾದಿ ಕಾಲದ್ದು’ ಎಂದು ಯಾರಾದರೂ ಎದೆ ತಟ್ಟಿದರೆ ನಾನು ಮೊದಲು ಅದರ ಬಣ್ಣ ನೋಡುತ್ತೇನೆ. ಕೆಂಪಗಿದ್ದರೆ ಅನಾದಿಗೆ ಒಂದು ಮಿತಿ ಇದೆ.

ಊರಿನ ಹೆಸರು ಹೊತ್ತ ಸಾಸ್‌ಗಳ ಪಾಡು ಇನ್ನೊಂದು ಥರ. ಇಟಲಿಯ ಬೊಲೋನ್ಯಾ ಊರನ್ನೇ ನೋಡಿ. ಅಲ್ಲಿನವರು ಮಾಂಸದ ರಾಗು ಸಾಸನ್ನು ಸ್ಪಗೆಟ್ಟಿಗೆ ಹಾಕುವುದಿಲ್ಲ, ತಾಲ್ಯತೆಲ್ಲೆ ಎಂಬ ಅಗಲ ಪಟ್ಟಿಯ ಪಾಸ್ತಾಕ್ಕೆ ಹಾಕುತ್ತಾರೆ. ಜಗತ್ತಿನ ಹೋಟೆಲುಗಳ ಮೆನುವಿನಲ್ಲೆಲ್ಲ ‘ಸ್ಪಗೆಟ್ಟಿ ಬೊಲೊನೀಸ್’ ನೋಡಿ ಅವರಿಗೆ ಎಷ್ಟು ಉರಿದಿರಬೇಕೆಂದರೆ, 1982ರಲ್ಲಿ ರಾಗುವಿನ ಪಾಕವನ್ನು ಊರಿನ ವಾಣಿಜ್ಯ ಮಂಡಳಿಯಲ್ಲಿ ನೋಂದಣಿ ಮಾಡಿಸಿದರು. ಅದಕ್ಕೂ ಮೊದಲೇ, 1972ರಲ್ಲಿ, ಬೆಂದ ಪಾಸ್ತಾ ಪಟ್ಟಿ ಎಂಟು ಮಿಲಿಮೀಟರ್ ಅಗಲ ಇರಬೇಕೆಂದು ಚಿನ್ನದಲ್ಲಿ ಒಂದು ಮಾದರಿ ಮಾಡಿಸಿ ಅದೇ ಮಂಡಳಿಯಲ್ಲಿ ಇಟ್ಟಿದ್ದರು. ಆದರೆ 1891ರಲ್ಲಿ ಅರ್ಟೂಸಿ ಎಂಬ ಅಡುಗೆ ಪುಸ್ತಕಕಾರ ಬರೆದ ‘ಬೊಲೋನ್ಯಾ ಶೈಲಿ’ಯ ಪಾಕದಲ್ಲಿ ಟೊಮೆಟೊವೇ ಇಲ್ಲ. ಯಾವುದನ್ನು ನೋಂದಾಯಿಸುತ್ತೀರಿ? 2023ರಲ್ಲಿ ಆ ನೋಂದಣಿಯನ್ನೇ ತಿದ್ದಿದರು.

ಫ್ರಾನ್ಸಿನ ಡಿಜೋನ್ ಊರಿನ ಹೆಸರು ಹೊತ್ತ ಸಾಸಿವೆ ಸಾಸ್, ಡಿಜೋನ್ ಸಾಸಿವೆಯ ಕಥೆ ಇನ್ನೂ ನೇರ. 2022ರಲ್ಲಿ ಫ್ರಾನ್ಸಿನ ಅಂಗಡಿಗಳಲ್ಲಿ ಅದು ಸಿಗದೇ ಜನ ಪರದಾಡಿದರು. ಕಾರಣ ಹಿಂದಿನ ವರ್ಷ ಕೆನಡಾದಲ್ಲಿ ಬಿದ್ದ ಬರ. ಡಿಜೋನ್ ಸಾಸಿವೆಯ ಕಾಳು ಬಹುಪಾಲು ಬರುತ್ತಿದ್ದದ್ದೇ ಕೆನಡಾದಿಂದ. ಡಿಜೋನ್ ಅನ್ನುವುದು ಮಾಡುವ ವಿಧಾನದ ಹೆಸರಾಗಿ ಎಷ್ಟೋ ಕಾಲವಾಗಿತ್ತು. ಥಾಯ್ಲೆಂಡಿನ ಸಿ ರಾಚಾ ಎಂಬ ಕರಾವಳಿ ಊರಿನ ಹೆಸರೂ ಹಾಗೆಯೇ ಹೋಯಿತು. ವಿಯೆಟ್ನಾಂನಿಂದ ನಿರಾಶ್ರಿತರಾಗಿ ಬಂದ ಡೇವಿಡ್ ಟ್ರಾನ್ 1980ರಲ್ಲಿ ಲಾಸ್ ಏಂಜಲೀಸಿನಲ್ಲಿ ಕೋಳಿ ಹುಂಜದ ಚಿತ್ರದ ಬಾಟಲಿಯಲ್ಲಿ ಶ್ರೀರಾಚಾ ಎಂಬ ಮೆಣಸಿನಕಾಯಿ ಸಾಸ್ ಮಾರಲು ಶುರು ಮಾಡಿದರು. ಕಂಪನಿಗೆ ಇಟ್ಟದ್ದು ತಮ್ಮನ್ನು ಹೊತ್ತು ತಂದ ಹಡಗಿನ ಹೆಸರು. ಥಾಯ್ಲೆಂಡಿನ ಮೂಲದ ಸಾಸ್ ಇದಕ್ಕಿಂತ ತೆಳು, ಇದಕ್ಕಿಂತ ಸಿಹಿ.

ಆರನೇ ಬಾಟಲಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಕೆಂಪಗಿದೆ, ಎಲ್ಲರೂ ಟೊಮೆಟೊ ಎಂದುಕೊಂಡಿರಿ. ಇದು ಬಾಳೆಹಣ್ಣಿನ ಕೆಚಪ್, ಫಿಲಿಪ್ಪೀನ್ಸ್‌ನದು. ಬಣ್ಣ ಹಾಕಿ ಕೆಂಪು ಮಾಡಿದ್ದಾರೆ. ಅಮೆರಿಕದ ಆಳ್ವಿಕೆಯಲ್ಲಿ ಅಲ್ಲಿನವರಿಗೆ ಕೆಚಪ್ ರುಚಿ ಹತ್ತಿತ್ತು, ಟೊಮೆಟೊ ಸಾಲುತ್ತಿರಲಿಲ್ಲ, ಬಾಳೆ ಬೇಕಾದಷ್ಟಿತ್ತು. ಮರಿಯಾ ಒರೋಸಾ ಎಂಬ ಆಹಾರ ರಸಾಯನ ತಜ್ಞೆ ಇದನ್ನು ರೂಪಿಸಿದರು ಎಂದು ಫಿಲಿಪ್ಪೀನ್ಸ್ ನೆನೆಯುತ್ತದೆ. ಸಿಯಾಟಲ್‌ನಲ್ಲಿ ಓದಿ 1922ರಲ್ಲಿ ಊರಿಗೆ ಮರಳಿದವರು. ಯುದ್ಧದ ವೇಳೆ ಸೋಯಾದಿಂದ ಪೌಷ್ಟಿಕ ಪುಡಿ ಮಾಡಿ, ಸೆರೆ ಶಿಬಿರಗಳಲ್ಲಿದ್ದವರಿಗೆ ಕದ್ದು ತಲುಪಿಸುತ್ತಿದ್ದರು. 1945ರ ಫೆಬ್ರುವರಿಯಲ್ಲಿ ಮನಿಲಾ ಕದನದಲ್ಲಿ ಶೆಲ್ ಚೂರು ಬಡಿದು ತೀರಿಕೊಂಡರು. ಇರದ ಗವರ್ನರ್ ಒಬ್ಬನ ಕಥೆ ಜಗತ್ತಿಗೆಲ್ಲ ಗೊತ್ತು. ಇವರ ಹೆಸರನ್ನು ಈ ಸಭೆಯಲ್ಲಿ ಎಷ್ಟು ಜನ ಕೇಳಿದ್ದಿರಿ? ಒಂದೂ ಕೈ ಏಳಲಿಲ್ಲ. ನಾನೂ ತೀರಾ ತಡವಾಗಿಯೇ ಕೇಳಿದೆ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು, ‘ಅಂಕಲ್, ಹಾಗಾದ್ರೆ ಇದ್ರಲ್ಲಿ ನಿಜವಾದ ಕೆಚಪ್ ಯಾವ್ದು?’ ಎಂದಳು. ನಾಲ್ಕು ಪುಟ್ಟ ಬಟ್ಟಲಿಗೆ ಮೀನಿನದು, ಬೆಲ್ಲದ್ದು, ಟೊಮೆಟೊದು, ಬಾಳೆಯದು ಸುರಿದು ಅವಳ ಮುಂದೆ ಇಟ್ಟೆ. ಕರಿಯದನ್ನು ಬೆರಳಲ್ಲಿ ಅದ್ದಿ ನೆಕ್ಕಿದಳು. ಬಾಳೆಯದನ್ನು ಪಕ್ಕದವಳಿಗೂ ಕೊಟ್ಟಳು. ಬಟ್ಟಲುಗಳು ಸಾಲಿನ ತುದಿಯವರೆಗೂ ಹೋಗಿ ವಾಪಸ್ ಬಂದವು. ಮೂರು ಖಾಲಿಯಾಗಿದ್ದವು. ಮೀನಿನದು ಇಟ್ಟಷ್ಟೇ ಇತ್ತು.